ಓಜೆಎಸ್ ತಂತ್ರಾಂಶ: ಉಚಿತವಾಗಿ ಸಿಗುವುದೆಷ್ಟು, ಕೈಯಿಂದ ಹಾಕಬೇಕಾದದ್ದೆಷ್ಟು?

ಕಲಬುರಗಿಯ ಕಾನೂನು ಕಾಲೇಜೊಂದು ಹೊರತರುವ ಸಂಶೋಧನಾ ಪತ್ರಿಕೆಯ ಸಂಪಾದಕ ಮಂಡಳಿಯಲ್ಲಿರುವ ನಾನು ಸಂಶೋಧನಾ ಪತ್ರಿಕೆಗಳನ್ನು ಅಂತರ್ಜಾಲದಲ್ಲಿ ನಡೆಸಲು ನೆರವಾಗುವ ಓಪನ್ ಜರ್ನಲ್ ಸಿಸ್ಟಮ್ಸ್, ಅಂದರೆ ಓಜೆಎಸ್ ತಂತ್ರಾಂಶವನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ನಮ್ಮ ಪತ್ರಿಕೆ ಓದುಗರಿಂದ ಚಂದಾ ಪಡೆಯುವುದಿಲ್ಲ, ಲೇಖಕರಿಂದ ಶುಲ್ಕವನ್ನೂ ಕೇಳುವುದಿಲ್ಲ. ಆದ್ದರಿಂದ ಈ ವಿಮರ್ಶೆಯಲ್ಲಿ ತಂತ್ರಾಂಶದ ಗುಣಕ್ಕಿಂತ ಅದು ಉಳಿಸುವ ಮತ್ತು ಉಳಿಸದ ಹಣದ ಲೆಕ್ಕವೇ ಹೆಚ್ಚು.

ಓಜೆಎಸ್ ಅನ್ನು ರೂಪಿಸಿದ್ದು ಜಾನ್ ವಿಲಿನ್ಸ್ಕಿ 1998ರಲ್ಲಿ ಕೆನಡಾದಲ್ಲಿ ಆರಂಭಿಸಿದ ಪಬ್ಲಿಕ್ ನಾಲೆಡ್ಜ್ ಪ್ರಾಜೆಕ್ಟ್. ತಂತ್ರಾಂಶವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಸಂಸ್ಥೆ ತನ್ನ ಖರ್ಚನ್ನು ಪತ್ರಿಕೆಗಳಿಗೆ ಹೋಸ್ಟಿಂಗ್ (ತಾಣವನ್ನು ಸರ್ವರಿನಲ್ಲಿಟ್ಟು ನಡೆಸಿಕೊಡುವ) ಸೇವೆ ಮಾರಿಯೂ ಗ್ರಂಥಾಲಯಗಳ ನೆರವಿನಿಂದಲೂ ತೂಗಿಸಿಕೊಳ್ಳುತ್ತದೆ. ಲೇಖನ ಸ್ವೀಕಾರ, ತಜ್ಞರ ಪರಿಶೀಲನೆ, ಹಸ್ತಪ್ರತಿ ತಿದ್ದುವಿಕೆ, ಪ್ರಕಟಣೆ ಎಂಬ ನಾಲ್ಕು ಹಂತಗಳು ಇಲ್ಲಿ ಅಚ್ಚುಕಟ್ಟಾಗಿವೆ. ಯಾವ ಲೇಖನ ಯಾವ ಪರಿಶೀಲಕರ ಬಳಿ ಕುಳಿತಿದೆ ಎಂದು ಇಮೇಲ್ ಜಾಲಾಡುವ ಕಷ್ಟ ತಪ್ಪಿತು.

ಆದರೆ ಕಾನೂನು ಲೇಖನದ ನಿಜವಾದ ದುಡಿಮೆ ಅಡಿಟಿಪ್ಪಣಿಗಳಲ್ಲಿದೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯಡಿಯ ನೇಮಕಾತಿಯ ಕುರಿತು ಬಂದ ಲೇಖನವೊಂದರಲ್ಲಿ ಅರ್ಧ ಪುಟ ಅಡಿಟಿಪ್ಪಣಿಯೇ ಇತ್ತು. ಒಂದೇ ತೀರ್ಪನ್ನು ಒಂದೆಡೆ ಎಐಆರ್ ಎಂಬ ತೀರ್ಪು ವರದಿಯ ಪುಟಸಂಖ್ಯೆಯಿಂದಲೂ ಇನ್ನೊಂದೆಡೆ ಎಸ್‌ಸಿಸಿ ಎಂಬ ಇನ್ನೊಂದು ವರದಿಯ ಸಂಪುಟದಿಂದಲೂ ಉಲ್ಲೇಖಿಸಲಾಗಿತ್ತು. ಲೇಖಕರು ಹೇಳಿದ ಮಾತು ಆ ಪ್ಯಾರಾದಲ್ಲಿ ಇದೆಯೇ ಎಂದು ತೀರ್ಪನ್ನು ತೆರೆದೇ ನೋಡಬೇಕಾಯಿತು. ಸುಪ್ರೀಂ ಕೋರ್ಟ್ 2023ರಲ್ಲಿ ತನ್ನ ತೀರ್ಪುಗಳ ಅಂತರ್ಜಾಲ ಸಂಗ್ರಹವಾದ ಇ-ಎಸ್‌ಸಿಆರ್ ಅನ್ನು ಉಚಿತವಾಗಿ ತೆರೆದದ್ದರಿಂದ ಈ ಹುಡುಕಾಟ ಅಗ್ಗವಾಯಿತೇ ಹೊರತು ಕಡಿಮೆಯಾಗಲಿಲ್ಲ. ಓಜೆಎಸ್ ಇಲ್ಲಿ ಏನೂ ಮಾಡಲಾರದು. ಲೇಖಕರ ಹೆಸರು ಪರಿಶೀಲಕರಿಗೆ ತಿಳಿಯದಂತೆ ವರ್ಡ್ ಕಡತದೊಳಗಿನ ಗುರುತುಗಳನ್ನು ಅಳಿಸುವ ಕೆಲಸವನ್ನೂ ಅದು ನಮಗೇ ಬಿಡುತ್ತದೆ.

ಹಣ ಕೊಟ್ಟು ಪಡೆಯಬೇಕಾದವು ಡೊಮೇನ್, ಸರ್ವರ್ ಮತ್ತು ಪ್ರತಿ ಲೇಖನದ ಶಾಶ್ವತ ಗುರುತಾದ ಡಿಒಐ. ಪತ್ರಿಕೆಯನ್ನು ಗುರುತಿಸುವ ಐಎಸ್‌ಎಸ್‌ಎನ್ ಸಂಖ್ಯೆ ಭಾರತದಲ್ಲಿ ಉಚಿತ. ಡಿಒಐ ನೋಂದಾಯಿಸುವ ಕ್ರಾಸ್‌ರೆಫ್‌ಗೆ ವಾರ್ಷಿಕ ಸದಸ್ಯತ್ವದ ಮೇಲೆ ಪ್ರತಿ ಹೊಸ ಲೇಖನಕ್ಕೆ 1 ಡಾಲರ್ ತೆರಬೇಕು. ಮೊತ್ತ ದೊಡ್ಡದಲ್ಲ, ಆದರೆ ಅದನ್ನು ಡಾಲರಿನಲ್ಲಿ ಪಾವತಿಸಲು ಕಾಲೇಜಿನ ಲೆಕ್ಕಪತ್ರ ವಿಭಾಗವನ್ನು ಒಪ್ಪಿಸುವುದು ಬೇರೆಯದೇ ಅಧ್ಯಾಯ. ಅಗ್ಗದ ದರಕ್ಕೆ ಸರ್ವರ್ ಕೊಟ್ಟಿದ್ದ ಕಂಪನಿಯೊಂದು ನಮಗೆ ತಿಳಿಸದೆ ಪಿಎಚ್‌ಪಿ (ಓಜೆಎಸ್ ನಡೆಯುವ ಪ್ರೋಗ್ರಾಮಿಂಗ್ ಭಾಷೆ) ಆವೃತ್ತಿ ಬದಲಿಸಿದಾಗ ಪತ್ರಿಕೆಯ ತಾಣ ಬಿಳಿಯ ಪುಟವಾಗಿ ನಿಂತಿತು. ಅದನ್ನು ಸರಿಪಡಿಸಲು ಕೊಟ್ಟ ಕೂಲಿಯೇ ಸರ್ವರ್ ಬಾಡಿಗೆಗಿಂತ ಹೆಚ್ಚಾಯಿತು.

ಓಜೆಎಸ್‌ನಲ್ಲಿ ಲೇಖಕರಿಂದ ಶುಲ್ಕ ಪಡೆಯುವ ಸೌಲಭ್ಯವೂ ಇದೆ. ನಾವು ಅದನ್ನು ಮುಚ್ಚಿಯೇ ಇಟ್ಟಿದ್ದೇವೆ. ವಿಜ್ಞಾನದ ಪ್ರಯೋಗಾಲಯಗಳಿಗಿರುವಂಥ ಅನುದಾನ ಕಾನೂನು ಸಂಶೋಧಕರಿಗೆ ಅಪರೂಪ. ಇಲ್ಲಿನ ಹೈಕೋರ್ಟ್ ಪೀಠದ ಕಿರಿಯ ವಕೀಲರೊಬ್ಬರು ಕೈಯಿಂದ ಹಣ ಹಾಕಿ ಲೇಖನ ಪ್ರಕಟಿಸಬೇಕು ಎನ್ನುವುದು ನ್ಯಾಯವಲ್ಲ. ಹಾರ್ವರ್ಡ್, ಯೇಲ್, ಕೊಲಂಬಿಯಾ, ಪೆನ್ಸಿಲ್ವೇನಿಯಾಗಳ ವಿದ್ಯಾರ್ಥಿ ಪತ್ರಿಕೆಗಳಿಗೆ 'ಬ್ಲೂಬುಕ್' ಎಂಬ ಉಲ್ಲೇಖ ಕೈಪಿಡಿಯ ಮಾರಾಟದಿಂದ ಆದಾಯವಿದೆ. ನಮಗೆ ಅಂಥ ಆಸ್ತಿ ಇಲ್ಲ. ಹೈನ್‌ಆನ್‌ಲೈನ್‌ನಂಥ ಕಾನೂನು ದತ್ತಸಂಚಯಗಳು ತಾವು ಸೇರಿಸಿಕೊಳ್ಳುವ ಪತ್ರಿಕೆಗಳಿಗೆ ಗೌರವಧನ ಕೊಡುವುದುಂಟು. ಆ ಬಾಗಿಲು ತೆರೆದಿರಬೇಕಾದರೆ ಲೇಖನಗಳನ್ನು ಇತರರು ಹೇಗೆ ಮರುಬಳಸಬಹುದೆಂದು ಹೇಳುವ ಪತ್ರಿಕೆಯ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ವಾಣಿಜ್ಯ ಬಳಕೆಗೆ ಅನುಮತಿ ಪಡೆಯಬೇಕೆಂಬ ಷರತ್ತು ಇರುವುದು ಒಳ್ಳೆಯದು, ಮುಕ್ತತೆಯ ಕಟ್ಟಾ ಪ್ರತಿಪಾದಕರಿಗೆ ಇದು ಹಿಡಿಸದಿದ್ದರೂ.

ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಯ, ಚಂದಾ ತೆತ್ತು ಓದಬೇಕಾದ ಸಂಶೋಧನಾ ಪತ್ರಿಕೆಗಳನ್ನು ಒದಗಿಸುವ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದು ಸರ್ಕಾರಿ ಸಂಸ್ಥೆಗಳ ಒಳಗಿರುವ ಓದುಗರಿಗೆ; ಬಾರ್ ಅಸೋಸಿಯೇಷನ್ನಿನಲ್ಲಿ ಕುಳಿತು ಓದುವವರಿಗೆ ನಮ್ಮಂಥ ಪತ್ರಿಕೆಗಳೇ ಗತಿ.

ಹೀಗಿರುವಾಗ ಓಜೆಎಸ್‌ಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಮುದ್ರಣ ನಿಲ್ಲಿಸಿ ಉಳಿಸಿದ ಹಣವನ್ನು ಹಸ್ತಪ್ರತಿ ತಿದ್ದುವವರ ಗೌರವಧನಕ್ಕೆ ತಿರುಗಿಸಲು, ಸಂಪಾದಕರಾದ ಅಧ್ಯಾಪಕರಿಗೆ ವಾರದ ತರಗತಿಗಳಲ್ಲಿ ಒಂದಿಷ್ಟು ವಿನಾಯಿತಿ ಕೊಡಲು ಆಡಳಿತ ಮಂಡಳಿ ಲಿಖಿತವಾಗಿ ಒಪ್ಪಿದರೆ ಕಾಲೇಜುಗಳು ಇದನ್ನು ಧೈರ್ಯವಾಗಿ ಅಳವಡಿಸಿಕೊಳ್ಳಬಹುದು. ಆ ಒಪ್ಪಿಗೆ ಇಲ್ಲದಿದ್ದರೆ ವರ್ಷಕ್ಕೆ ಎರಡು ಸಂಚಿಕೆಯ ಬದಲು ಒಂದನ್ನೇ ತರುವುದು ಲೇಸು.