ಗೋಣಿ ಪರದೆಯ ಕೋಣೆಗಳಲ್ಲಿ ಕಮಾಂಡೊ ಪಾಠ: ದಾವಣಗೆರೆಯ ಒಂದು ಶಿಬಿರದ ವಿಮರ್ಶೆ

ದಾವಣಗೆರೆಯ ಹೊರವಲಯದಲ್ಲಿ ಸೇನಾ ಭರ್ತಿಗೆ ಯುವಕರನ್ನು ಸಿದ್ಧಪಡಿಸುವ ತರಬೇತಿ ಕೇಂದ್ರವೊಂದು, ಕಮಾಂಡೊ ಪಡೆಗಳು ಕಟ್ಟಡದೊಳಗೆ ಹೊಕ್ಕು ಒಂದೊಂದೇ ಕೋಣೆಯನ್ನು ಹೇಗೆ ವಶಪಡಿಸಿಕೊಳ್ಳುತ್ತವೆ ಎಂಬುದನ್ನು ಪರಿಚಯಿಸುವ ಎರಡು ದಿನಗಳ ಶಿಬಿರವನ್ನು ವಾರಾಂತ್ಯಗಳಲ್ಲಿ ನಡೆಸುತ್ತಿದೆ. ನಮ್ಮ ಕಾಲೇಜಿನ ಎನ್‌ಸಿಸಿ ಕೆಡೆಟ್‌ಗಳನ್ನು ಕರೆದುಕೊಂಡು ಹೋದ ನಾನು ಬದಿಗೆ ಕುಳಿತು ನೋಡದೆ ಅವರೊಂದಿಗೇ ಪೂರ್ತಿ ಭಾಗವಹಿಸಿದೆ. ಇಂಥ ಶಿಬಿರಗಳ ಬಗ್ಗೆ ಪೋಷಕರಿಗೆ ಎರಡು ಬಗೆಯ ಅಳುಕು ಇರುತ್ತದೆ: ಮಕ್ಕಳ ಕೈಗೆ ಆಯುಧ ಕೊಟ್ಟು ಪುಂಡಾಟ ಕಲಿಸುತ್ತಾರೇನೋ ಎಂಬುದು ಒಂದು, ಟಿವಿಯಲ್ಲಿ ಕಂಡದ್ದನ್ನೇ ತೋರಿಸಿ ಹಣ ಕೀಳುತ್ತಾರೇನೋ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಇಲ್ಲಿ ಆಸ್ಪದವೇ ಇಲ್ಲ, ಎರಡನೆಯದರ ಬಗ್ಗೆ ಮುಂದೆ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಶಿಬಿರ ನಡೆಯುವುದು ಹಳೆಯದೊಂದು ಹತ್ತಿ ಗೋದಾಮಿನಲ್ಲಿ. ತಗಡಿನ ಮಾಡಿನ ಕೆಳಗೆ ಬಿದಿರಿನ ಚೌಕಟ್ಟುಗಳನ್ನು ನಿಲ್ಲಿಸಿ, ಅವುಗಳಿಗೆ ಗೋಣಿಬಟ್ಟೆ ಕಟ್ಟಿ, ಕೋಣೆ, ಪಡಸಾಲೆ, ಓಣಿಗಳನ್ನು ಮಾಡಿದ್ದಾರೆ. ಒಂದು ಸುತ್ತು ಮುಗಿದ ಕೂಡಲೇ ಚೌಕಟ್ಟುಗಳನ್ನು ಎಳೆದು ಬೇರೆಡೆ ನಿಲ್ಲಿಸುವುದರಿಂದ ಮನೆಯ ನಕ್ಷೆಯೇ ಬದಲಾಗುತ್ತದೆ ಮತ್ತು ಕಲಿಯುವವರಿಗೆ ದಾರಿಯನ್ನು ಬಾಯಿಪಾಠ ಮಾಡಿಕೊಳ್ಳಲು ಅವಕಾಶವಿರುವುದಿಲ್ಲ. ಮಂಡಿಯಿಂದ ತಂದ ಗೋಣಿಯನ್ನು ಕಂಡು ಕೆಲವು ಹುಡುಗರು ಮುಖ ಸಣ್ಣದು ಮಾಡಿಕೊಂಡದ್ದು ನಿಜವಾದರೂ, ಈ ವ್ಯವಸ್ಥೆಗೆ ದೊಡ್ಡ ಪರಂಪರೆಯೇ ಇದೆ. 1980ರ ಏಪ್ರಿಲ್ 30ರಂದು ಲಂಡನ್ನಿನ ಇರಾನ್ ರಾಯಭಾರ ಕಚೇರಿಗೆ ಆರು ಮಂದಿ ಬಂದೂಕುಧಾರಿಗಳು ನುಗ್ಗಿ 26 ಜನರನ್ನು ಒತ್ತೆಯಾಗಿ ಇಟ್ಟುಕೊಂಡಾಗ, ಬ್ರಿಟನ್ ಸೇನೆಯ ವಿಶೇಷ ದಳವಾದ ಎಸ್‌ಎಎಸ್ ಪಡೆಯವರು ಆ ಕಟ್ಟಡದ ಮಾದರಿಯನ್ನು ಗೋಣಿಬಟ್ಟೆ ಮತ್ತು ಪ್ಲೈವುಡ್ಡಿನಿಂದಲೇ ಕಟ್ಟಿಕೊಂಡು ತಾಲೀಮು ನಡೆಸಿದ್ದರು. ಮೇ 5ರ ಸಂಜೆ ಅವರು ಒಳನುಗ್ಗಿದ ಮೇಲೆ ಕಾರ್ಯಾಚರಣೆ ಮುಗಿಯಲು ಹಿಡಿದದ್ದು 17 ನಿಮಿಷ ಮಾತ್ರ. ಆ ಕೆಲವು ನಿಮಿಷಗಳ ಹಿಂದೆ ಎಷ್ಟು ವರ್ಷಗಳ ಅಭ್ಯಾಸವಿತ್ತು ಎಂಬುದನ್ನು ಬೋಧಕರು ವಿವರಿಸಿದ ಮೇಲೆ ಗೋಣಿಯ ಬಗ್ಗೆ ಯಾರೂ ಮಾತೆತ್ತಲಿಲ್ಲ.

ಪಾಠ ಹೇಳುವವರು ಸೇನೆಯಿಂದ ಹವಾಲ್ದಾರರಾಗಿ ನಿವೃತ್ತರಾದವರು. ಸೇವೆಯ ಕೆಲವು ವರ್ಷಗಳನ್ನು ಭಯೋತ್ಪಾದಕರನ್ನು ಎದುರಿಸುವ ಕೇಂದ್ರದ ಕಮಾಂಡೊ ಪಡೆಯಾದ ಎನ್‌ಎಸ್‌ಜಿಯಲ್ಲಿ ನಿಯೋಜನೆಯ ಮೇಲೆ ಕಳೆದಿದ್ದಾರೆ. ಸೇನೆಯ ರೂಢಿಯಂತೆ ಎಲ್ಲರೂ ಅವರನ್ನು ಉಸ್ತಾದ್ ಎಂದೇ ಕರೆಯುತ್ತಾರೆ. ಅವರ ಬೋಧನೆಯೇ ಈ ಶಿಬಿರದ ನಿಜವಾದ ಬಂಡವಾಳವೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಮೊದಲ ದಿನದ ಬೆಳಗಿನ ಅವಧಿಯಲ್ಲಿ ಅವರು ಯಾರನ್ನೂ ಗೋಣಿ ಮನೆಯೊಳಗೆ ಬಿಡಲಿಲ್ಲ. ಬಯಲಿನಲ್ಲಿ ಬಿಳಿ ಟೇಪು ಎಳೆದು ಕೋಣೆಯ ಗೆರೆಗಳನ್ನು ಮಾಡಿ, ಬಾಗಿಲಿರುವ ಕಡೆ ಗೆರೆಯನ್ನು ಬಿಟ್ಟು, ಮರದ ಬಂದೂಕು ಹಿಡಿಸಿ, ಆ ಗೆರೆಗಳ ನಡುವೆ ನಾಲ್ಕು ನಾಲ್ಕು ಜನರನ್ನು ನಡೆಸಿದರು. ಗೋಡೆಯೇ ಇಲ್ಲದ ಕಾರಣ ಒಬ್ಬನು ತಪ್ಪು ಮೂಲೆಗೆ ಹೋದದ್ದು ಉಳಿದವರೆಲ್ಲರಿಗೂ ಕಾಣುತ್ತದೆ ಎಂಬುದೇ ಈ ಪದ್ಧತಿಯ ಲಾಭ. ಜಗತ್ತಿನ ಹೆಚ್ಚಿನ ವಿಶೇಷ ಪಡೆಗಳು ಪಾಠ ಆರಂಭಿಸುವುದು ಹೀಗೆಯೇ: ಮೊದಲು ಟೇಪಿನ ಮೇಲೆ ನಡಿಗೆ, ಅನಂತರ ಖಾಲಿ ಬಂದೂಕಿನೊಂದಿಗೆ ನಿಜವಾದ ಗೋಡೆಗಳ ನಡುವೆ, ಆಮೇಲೆ ಬಣ್ಣದ ಗುರುತು ಬಿಡುವ ತರಬೇತಿ ಗುಂಡುಗಳು, ಕೊನೆಯಲ್ಲಿ ಜೀವಂತ ಮದ್ದುಗುಂಡು.

ಈ ಅವಧಿಯಲ್ಲಿ ಅವರು ಮತ್ತೆ ಮತ್ತೆ ಗಮನಿಸಿದ್ದು ಎರಡೇ ಸಂಗತಿಗಳನ್ನು. ಗುಂಡು ಹಾರಿಸಬೇಕೆಂದು ಮನಸ್ಸು ನಿರ್ಧರಿಸುವವರೆಗೆ ಬೆರಳು ಟ್ರಿಗರ್ ಮೇಲೆ ಬರಬಾರದು, ಮತ್ತು ಬಂದೂಕಿನ ಬಾಯಿ ಯಾವ ಕ್ಷಣದಲ್ಲೂ ಜೊತೆಗಾರನ ಮೈಯನ್ನು ಹಾದುಹೋಗಬಾರದು. ಮರದ ಬಂದೂಕೇ ಆದರೂ ತಪ್ಪಿದವನನ್ನು ಸಾಲಿನಿಂದ ಹೊರಗೆ ಕರೆದು, “ಎಲ್ಲೈತಪ್ಪ ಬೆರಳು?” ಎಂದು ಕೇಳಿ, ಅವನೇ ನೋಡಿಕೊಂಡು ಸರಿಪಡಿಸಿಕೊಳ್ಳುವವರೆಗೆ ಕಾಯುತ್ತಿದ್ದರು. ಬೈಗುಳವಾಗಲಿ ಶಿಕ್ಷೆಯಾಗಲಿ ಇರಲಿಲ್ಲ. ಬಾಗಿಲ ಗೆರೆ ದಾಟುವಾಗ ಹುಡುಗರು ಓಡತೊಡಗಿದರೆ ತಡೆದು ನಿಲ್ಲಿಸಿ, “ಓಡಬ್ಯಾಡ್ರಪ್ಪ, ನಡೀರಿ. ಕಾಲು ಓಡಿದ್ರೆ ಕಣ್ಣು ಹಿಂದ ಉಳಿತೈತಿ” ಎನ್ನುತ್ತಿದ್ದರು. ವೇಗವಾಗಿ ನುಗ್ಗುವುದೇ ಕಮಾಂಡೊ ವಿದ್ಯೆ ಎಂದುಕೊಂಡು ಬಂದ ಯುವಕರಿಗೆ, ಈ ಕೆಲಸದ ಜೀವಾಳವಿರುವುದು ಸಂಯಮದಲ್ಲಿ ಎಂಬುದನ್ನು ಮಧ್ಯಾಹ್ನದ ಊಟದೊಳಗೆ ಮನದಟ್ಟು ಮಾಡಿಸಿದ ಬೋಧಕರನ್ನು ನಾನು ಬೇರೆ ಯಾವ ಭರ್ತಿ ತರಬೇತಿಯಲ್ಲೂ ಕಂಡಿಲ್ಲ.

ಬಾಗಿಲಿನ ಪಾಠವಂತೂ ಇಡೀ ಶಿಬಿರದಲ್ಲಿ ಅತ್ಯಂತ ಸಮೃದ್ಧವಾದ ಭಾಗ. ಕೋಣೆಯೊಳಗೆ ಅಡಗಿರುವವನಿಗೆ ಎದುರಾಳಿ ಎಲ್ಲಿಂದ ಬರುತ್ತಾನೆಂಬುದು ಮೊದಲೇ ಗೊತ್ತಿರುತ್ತದೆ, ಅವನ ಕಣ್ಣೂ ಗುರಿಯೂ ಬಾಗಿಲಿನ ಮೇಲೆಯೇ ನೆಟ್ಟಿರುತ್ತವೆ. ಆದ್ದರಿಂದ ಹೊಸ್ತಿಲಲ್ಲಿ ತಡೆದು ನಿಂತವನು ತನ್ನ ಪ್ರಾಣವನ್ನು ಅಪಾಯಕ್ಕೆ ಒಡ್ಡುವುದಷ್ಟೇ ಅಲ್ಲ, ಹಿಂದಿನ ಮೂವರ ದಾರಿಯನ್ನೂ ಕಟ್ಟಿಹಾಕುತ್ತಾನೆ. ಮೊದಲನೆಯವನು ಒಂದು ಮೂಲೆಗೆ ಹೊರಳಿದರೆ ಎರಡನೆಯವನು ಅದರ ಎದುರು ಮೂಲೆಗೆ ಹೊರಳಲೇಬೇಕು. ತನ್ನ ಪಾಲಿನ ಮೂಲೆಯನ್ನು ಬಿಟ್ಟು ಜೊತೆಗಾರನ ಪಾಲಿನತ್ತ ಕುತೂಹಲದಿಂದ ಇಣುಕಿದವನು ಇಡೀ ತಂಡಕ್ಕೆ ಬೆನ್ನಿನ ಕಡೆ ಒಂದು ಕುರುಡು ಜಾಗವನ್ನು ಉಳಿಸಿಬಿಡುತ್ತಾನೆ. ಇದನ್ನು ವಿವರಿಸಲು ಉಸ್ತಾದರು ನೆಲದ ಮೇಲೆ ಸೀಮೆಸುಣ್ಣದಿಂದ ಬಾಗಿಲಿನ ಹೊರಗೆ ಅರ್ಧಚಂದ್ರ ಬರೆದು, ಅದರ ಮೇಲೆ ಅರೆಹೆಜ್ಜೆಗಳಲ್ಲಿ ಸರಿಯುತ್ತ ಹೋದರೆ ಒಳಗೆ ಕಾಲಿಡುವ ಮೊದಲೇ ಕೋಣೆಯ ಎಷ್ಟು ಭಾಗ ಕಣ್ಣಿಗೆ ಸಿಗುತ್ತದೆ ಎಂಬುದನ್ನು ಪ್ರತಿಯೊಬ್ಬರನ್ನೂ ನಿಲ್ಲಿಸಿ ತೋರಿಸಿದರು.

ಅಲ್ಲಿ ನಡೆದ ಒಂದು ಸಣ್ಣ ಘಟನೆಯನ್ನು ಹೇಳಲೇಬೇಕು. ಮಧ್ಯಾಹ್ನ ಮೂರರ ಸುಮಾರಿಗೆ ಗೋದಾಮಿನ ಪಶ್ಚಿಮದ ಶಟರ್ ಎತ್ತಿದ್ದರಿಂದ ಬಿಸಿಲು ಓರೆಯಾಗಿ ಒಳಗೆ ಬೀಳುತ್ತಿತ್ತು. ನಮ್ಮ ಕೆಡೆಟ್ ಹುಡುಗಿಯೊಬ್ಬಳು ಗೋಣಿ ಗೋಡೆಗೆ ಮೈಯೊತ್ತಿ, ಬಂದೂಕಿನ ತುದಿ ಚೌಕಟ್ಟಿನ ಆಚೆ ಕಾಣದಂತೆ ಎದೆಗೆ ಎಳೆದುಕೊಂಡು, ಹೇಳಿಕೊಟ್ಟದ್ದನ್ನೆಲ್ಲ ಅಚ್ಚುಕಟ್ಟಾಗಿ ಮಾಡಿ ನಿಂತಿದ್ದಳು. ಉಸ್ತಾದರು ಅವಳನ್ನು ಅಲುಗಾಡಬೇಡವೆಂದು ಹೇಳಿ, ಉಳಿದವರನ್ನು ಕೋಣೆಯೊಳಕ್ಕೆ ಕರೆದು ನೆಲ ನೋಡಲು ಹೇಳಿದರು. ಅವಳ ತಲೆ, ಭುಜ, ಬಂದೂಕಿನ ನೆರಳು ಹೊಸ್ತಿಲು ದಾಟಿ ಕೋಣೆಯ ನಡುವಿನವರೆಗೆ ಚಾಚಿಕೊಂಡಿತ್ತು. ಆ ಮೇಲೆ ಎಲ್ಲರೂ ಬಾಗಿಲ ಬಳಿ ಬರುವ ಮೊದಲು ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ತಿರುಗಿ ನೋಡತೊಡಗಿದರು. ಉಸ್ತಾದರು ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ಬಾಗಿಲುಗಳನ್ನು ನೆನಪಿಸಿದ್ದೂ ಇದೇ ಸಂದರ್ಭದಲ್ಲಿ. ಅಲ್ಲಿನ ದಾರಿ ನೇರವಾಗಿ ಒಳಗೆ ಹೋಗದೆ ಮತ್ತೆ ಮತ್ತೆ ಮಗ್ಗುಲು ತಿರುಗುವುದರಿಂದ, ನುಗ್ಗಿ ಬಂದವನು ಪ್ರತಿ ತಿರುವಿನಲ್ಲೂ ವೇಗ ಕಳೆದುಕೊಂಡು, ಮುಂದೇನಿದೆ ಎಂದು ತಿಳಿಯದೆ, ಮೇಲಿನವರ ಕಣ್ಣಿಗೆ ಬೀಳುತ್ತಾನೆ. ಕಟ್ಟಡವನ್ನು ಕಾಯುವವನಿಗೆ ಬಾಗಿಲು ಹೇಗೆ ನೆರವಾಗುತ್ತದೆ ಎಂಬುದನ್ನು ತಿಳಿಯಲು ನಮ್ಮ ಸೀಮೆಯವರು ದೂರ ಹೋಗಬೇಕಿಲ್ಲ.

ಎರಡನೆಯ ದಿನ ಗೋಣಿ ಮನೆಯೊಳಗೆ ಆಳೆತ್ತರದ ಚಿತ್ರಗಳನ್ನು ನಿಲ್ಲಿಸಿದ್ದರು. ಒಬ್ಬನ ಕೈಯಲ್ಲಿ ಪಿಸ್ತೂಲು, ಇನ್ನೊಬ್ಬನ ಕೈಯಲ್ಲಿ ಮೊಬೈಲು, ಮಗುವನ್ನು ಎತ್ತಿಕೊಂಡ ಹೆಂಗಸು, ಎರಡೂ ಕೈ ಮೇಲೆತ್ತಿದ ಮುದುಕ. ಮುಖಗಳು ಮಾತ್ರ ಬೇಕೆಂದೇ ಅದಲುಬದಲು: ಪಿಸ್ತೂಲಿನವನು ಸೌಮ್ಯವಾಗಿ ನಗುತ್ತಾನೆ, ಮೊಬೈಲಿನವನ ಮುಖ ಬಿಗಿದುಕೊಂಡಿದೆ. ಮುಖ ನೋಡಬಾರದು, ಕೈ ನೋಡಬೇಕು ಎಂದು ಎಷ್ಟು ಹೇಳಿಕೊಟ್ಟಿದ್ದರೂ, ಮೊದಲ ಸುತ್ತಿನಲ್ಲಿ ನಮ್ಮ ಗುಂಪಿನ ಹೆಚ್ಚಿನವರು ಲೇಸರ್ ಬಂದೂಕನ್ನು ಮೊಬೈಲಿನವನ ಮೇಲೆಯೇ ಹಾರಿಸಿದರು. ಒತ್ತಡದಲ್ಲಿ ದೃಷ್ಟಿಯ ಅಂಚುಗಳು ಮುಚ್ಚಿಕೊಂಡು ಎದುರಿನದಷ್ಟೇ ಕಾಣುವುದು, ಪಕ್ಕದವನು ಕೂಗಿದ್ದು ಕಿವಿಗೆ ಬೀಳದೇ ಹೋಗುವುದು ಮನುಷ್ಯನ ಮೈಯ ಸಹಜ ಸ್ವಭಾವವೆಂದೂ, ಅದನ್ನು ಮೀರಲು ಪುನರಾವರ್ತನೆಯ ಹೊರತು ಬೇರೆ ಉಪಾಯವಿಲ್ಲವೆಂದೂ ಉಸ್ತಾದರು ತಾಳ್ಮೆಯಿಂದ ತಿಳಿಸಿದರು. ಎಸ್‌ಎಎಸ್‌ನವರು ಹೆರೆಫರ್ಡ್‌ನ ತಮ್ಮ ‘ಕಿಲ್ಲಿಂಗ್ ಹೌಸ್’ ಎಂಬ ತಾಲೀಮು ಮನೆಯಲ್ಲಿ ಒತ್ತೆಯಾಳಿನ ಜಾಗದಲ್ಲಿ ತಮ್ಮವನೊಬ್ಬನನ್ನೇ ಕೂರಿಸಿ, ಅವನ ಪಕ್ಕದ ಗುರಿಗಳಿಗೆ ನಿಜವಾದ ಗುಂಡು ಹಾರಿಸಿ ಅಭ್ಯಾಸ ಮಾಡುತ್ತಿದ್ದರು. ಅಂಥ ನಂಬಿಕೆ ಹುಟ್ಟಲು ಎಷ್ಟು ಸಾವಿರ ಗುಂಡುಗಳು ಖರ್ಚಾಗಿರಬೇಕು ಎಂಬುದನ್ನು ಲೇಸರ್ ಬಂದೂಕಿನಲ್ಲಿ ತಪ್ಪಿದವನೇ ಚೆನ್ನಾಗಿ ಊಹಿಸಬಲ್ಲ.

ಮಧ್ಯಾಹ್ನದ ಊಟದ ನಂತರ ಒಂದು ಗಂಟೆಯ ಉಪನ್ಯಾಸವಿದೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇಸ್ರೇಲ್ ತಂಡದ 11 ಮಂದಿ ಹತರಾದ ಮೇಲೆ ಪಶ್ಚಿಮ ಜರ್ಮನಿಯು ಭಯೋತ್ಪಾದನೆ ಎದುರಿಸಲೆಂದೇ ಜಿಎಸ್‌ಜಿ 9 ಪಡೆಯನ್ನು ಕಟ್ಟಿದ್ದು, ನಮ್ಮಲ್ಲಿ 1984ರಲ್ಲಿ ಅಮೃತಸರದ ಸ್ವರ್ಣಮಂದಿರದಲ್ಲಿ ಸೇನೆ ನಡೆಸಿದ ಆಪರೇಷನ್ ಬ್ಲೂಸ್ಟಾರ್‌ನ ಅನುಭವದ ನಂತರ ಎನ್‌ಎಸ್‌ಜಿ ರೂಪುಗೊಂಡದ್ದು, 1986ರಲ್ಲಿ ಅದಕ್ಕೆ ಕಾಯ್ದೆಯ ಬಲ ಬಂದದ್ದು, 1988ರಲ್ಲಿ ಅದೇ ಮಂದಿರದಿಂದ ಉಗ್ರರನ್ನು ಹೊರಹಾಕಿದ ಬ್ಲ್ಯಾಕ್ ಥಂಡರ್ ಕಾರ್ಯಾಚರಣೆ ನಡೆದದ್ದು, ಇವೆಲ್ಲ ಬೇಗ ಬೇಗನೆ ಬಂದುಹೋಗುತ್ತವೆ. ಉಸ್ತಾದರು ನಿಂತು ಮಾತನಾಡಿದ್ದು 2008ರ ನವೆಂಬರ್ 26ರ ಮುಂಬೈ ದಾಳಿಯ ಬಗ್ಗೆ. ತಾವು ಆಗ ಎನ್‌ಎಸ್‌ಜಿ ನಡೆಸಿದ ಕಾರ್ಯಾಚರಣೆಯಲ್ಲಿ ಇರಲಿಲ್ಲವೆಂದು ಮೊದಲೇ ಸ್ಪಷ್ಟಪಡಿಸಿ, ತಾಜ್ ಹೋಟೆಲಿನಂಥ ನೂರಾರು ಕೋಣೆಗಳ ಕಟ್ಟಡದಲ್ಲಿ, ಬೆಂಕಿ ಮತ್ತು ಹೊಗೆಯ ನಡುವೆ, ಯಾವ ಬಾಗಿಲ ಹಿಂದೆ ಅತಿಥಿ ಇದ್ದಾನೆ, ಯಾವುದರ ಹಿಂದೆ ಹಂತಕನಿದ್ದಾನೆ ಎಂದು ತಿಳಿಯದೆ ಒಂದೊಂದನ್ನೇ ಶೋಧಿಸುತ್ತ ಹೋಗುವುದೆಂದರೇನು ಎಂಬುದನ್ನು ವಿವರಿಸಿದರು. ನವೆಂಬರ್ 29ರ ಬೆಳಿಗ್ಗೆಯವರೆಗೂ ಅದು ಮುಗಿಯಲಿಲ್ಲ. ಬೆಂಗಳೂರಿನಲ್ಲಿ ಓದಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ತಾಜ್‌ನಲ್ಲಿ, ಹವಾಲ್ದಾರ್ ಗಜೇಂದರ್ ಸಿಂಗ್ ಬಿಷ್ಟ್ ಯಹೂದಿ ಕೇಂದ್ರವಿದ್ದ ನರಿಮನ್ ಹೌಸ್‌ನಲ್ಲಿ ಪ್ರಾಣ ಕೊಟ್ಟರು. ಇಬ್ಬರಿಗೂ ಮರಣೋತ್ತರವಾಗಿ ಅಶೋಕ ಚಕ್ರ ಸಂದಿತು. ಬೆಳಿಗ್ಗೆಯಷ್ಟೇ ಗೋಣಿ ಬಾಗಿಲ ಮುಂದೆ ತಡವರಿಸಿದ್ದ ಹುಡುಗರು ಈ ಮಾತುಗಳನ್ನು ಕೇಳಿಸಿಕೊಂಡ ರೀತಿಯೇ ಬೇರೆಯಾಗಿತ್ತು. ಪಾಠಕ್ಕೆ ಮೊದಲೇ ಈ ಉಪನ್ಯಾಸವಿದ್ದಿದ್ದರೆ ಅದು ಬರೀ ಭಾಷಣವಾಗುತ್ತಿತ್ತು. ಕ್ರಮವನ್ನು ಹೀಗೆ ಜೋಡಿಸಿದವರ ವಿವೇಕವನ್ನು ಮೆಚ್ಚಬೇಕು.

ಇನ್ನು ಕೊರತೆಗಳು. ಮೊದಲನೆಯದು ಜಾಹೀರಾತು. ಈ ಶಿಬಿರ ಮಾಡಿದರೆ ಅಗ್ನಿವೀರ ಭರ್ತಿಗೂ ಕಮಾಂಡೊ ಪಡೆ ಸೇರುವುದಕ್ಕೂ ಅನುಕೂಲವಾಗುತ್ತದೆ ಎಂಬ ಅರ್ಥ ಬರುವಂತೆ ಕರಪತ್ರದಲ್ಲಿ ಅಚ್ಚು ಹಾಕಿಸಿರುವುದು ಸರಿಯಲ್ಲ. ಅಗ್ನಿವೀರ ಭರ್ತಿಯಲ್ಲಿ ನೋಡುವುದು ಲಿಖಿತ ಪರೀಕ್ಷೆ, 1.6 ಕಿಲೋಮೀಟರ್ ಓಟ, ಬೀಮ್ (ಕಂಬಿ ಹಿಡಿದು ಮೈ ಮೇಲೆತ್ತುವುದು), 9 ಅಡಿಯ ಹಳ್ಳ ಜಿಗಿತ, ಅಂಕುಡೊಂಕು ಕಟ್ಟೆಯ ಮೇಲಿನ ಸಮತೋಲನ ಮತ್ತು ವೈದ್ಯಕೀಯ ತಪಾಸಣೆಯನ್ನೇ ಹೊರತು ಕೋಣೆ ಹೊಕ್ಕುವ ಜಾಣ್ಮೆಯನ್ನಲ್ಲ. ಎನ್‌ಎಸ್‌ಜಿಗಂತೂ ಹೊರಗಿನಿಂದ ನೇರ ನೇಮಕಾತಿಯೇ ಇಲ್ಲ, ಸೇನೆ ಮತ್ತು ಕೇಂದ್ರ ಪೊಲೀಸ್ ಪಡೆಗಳಲ್ಲಿ ಸೇವೆಯಲ್ಲಿರುವವರೇ ಆಯ್ಕೆಯಾಗಿ ನಿಯೋಜನೆಯ ಮೇಲೆ ಅಲ್ಲಿಗೆ ಹೋಗುತ್ತಾರೆ. ಹರಪನಹಳ್ಳಿ, ಜಗಳೂರಿನ ಕಡೆಯಿಂದ ಸಾಲ ಮಾಡಿ ಶುಲ್ಕ ಕಟ್ಟಿ ಬರುವ ಹುಡುಗರಿಗೆ ಈ ಸತ್ಯವನ್ನು ಕರಪತ್ರದಲ್ಲಿಯೇ ಹೇಳುವುದು ಕೇಂದ್ರದ ಕರ್ತವ್ಯ. ಉಸ್ತಾದರು ಪಾಠದ ನಡುವೆ ಇದನ್ನು ಬಾಯಿಬಿಟ್ಟು ಹೇಳುತ್ತಾರಾದರೂ ಆಗ ಶುಲ್ಕ ಕಟ್ಟಿ ಆಗಿರುತ್ತದೆ.

ಎರಡನೆಯದು ಕೊನೆಯ ಅವಧಿಯ ಪಂದ್ಯ. ಎರಡು ತಂಡಗಳನ್ನು ಮಾಡಿ, ಲೇಸರ್ ಬಂದೂಕುಗಳೊಂದಿಗೆ ಗಡಿಯಾರದ ವಿರುದ್ಧ ಮನೆಯೊಳಗೆ ಬಿಡುತ್ತಾರೆ. ಕಡಿಮೆ ಹೊತ್ತಿನಲ್ಲಿ ಹೆಚ್ಚು ಗುರಿ ಹೊಡೆದವರಿಗೆ ಬಹುಮಾನ, ಮೊಬೈಲಿನವನನ್ನು ಹೊಡೆದವರಿಗೆ ಅಂಕ ಕಳೆಯುವುದೇ ಇಲ್ಲ. ಎರಡು ದಿನ ಕಷ್ಟಪಟ್ಟು ನೆಟ್ಟ ಶಿಸ್ತನ್ನು ಈ ಒಂದು ಗಂಟೆ ಕಿತ್ತುಹಾಕುತ್ತದೆ. ಬೆರಳು ಟ್ರಿಗರ್‌ಗೆ ಹೋಗುತ್ತದೆ, ಕಾಲು ಓಡುತ್ತದೆ, ಹೊಸ್ತಿಲಲ್ಲಿ ಮೂವರು ಮೂವರು ಸಿಕ್ಕಿಕೊಳ್ಳುತ್ತಾರೆ. ಪಂದ್ಯ ಬೇಕೇ ಬೇಕೆಂದಿದ್ದರೆ, ನಿರಪರಾಧಿಯ ಚಿತ್ರಕ್ಕೆ ಹೊಡೆದ ತಂಡವನ್ನು ಆ ಕ್ಷಣವೇ ಹೊರಗೆ ಕಳಿಸುವ ನಿಯಮ ತರಬೇಕು.

ಸೌಕರ್ಯಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ಮಧ್ಯಾಹ್ನದ ಸೆಕೆ ತಡೆಯಲಾಗದು, ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಪ್ರತ್ಯೇಕ ಜಾಗವಿಲ್ಲ, ಕೊಡುವ ಕನ್ನಡಕಗಳ ಗಾಜು ಗೀಚಿಹೋಗಿದೆ. ಊಟ ಸರಳವಾದರೂ ರುಚಿಕರ: ರೊಟ್ಟಿ, ಪಲ್ಯ, ಅನ್ನ, ಸಾರು, ಸಂಜೆಗೆ ಚಹಾದೊಂದಿಗೆ ಮಂಡಕ್ಕಿ.

ಹೋಗಬಯಸುವವರು ತುಂಬುತೋಳಿನ ದಪ್ಪ ಅಂಗಿ, ಹಿಡಿತವಿರುವ ಬೂಟು, ಮಂಡಿಗೆ ಕಟ್ಟುವ ಪ್ಯಾಡು ಮತ್ತು ತಮ್ಮದೇ ಕನ್ನಡಕ ತೆಗೆದುಕೊಂಡು ಹೋಗುವುದು ಒಳ್ಳೆಯದು. ದೊಡ್ಡ ತಂಡವಾದರೆ ಒಬ್ಬೊಬ್ಬರ ಸರದಿಗೆ ಬಹಳ ಹೊತ್ತು ಕಾಯಬೇಕಾಗುವುದರಿಂದ, ಹೆಸರು ಕೊಡುವ ಮೊದಲು ಆ ವಾರ ಎಷ್ಟು ಜನರಿದ್ದಾರೆ ಎಂಬುದನ್ನೂ, ಪಾಠ ಹೇಳುವವರು ಈ ಉಸ್ತಾದರೇ ಹೌದೇ ಎಂಬುದನ್ನೂ ಕೇಳಿ ತಿಳಿದುಕೊಳ್ಳಬೇಕು. ಕಾಲೇಜಿನ ಕಡೆಯಿಂದ ಗುಂಪಾಗಿ ಹೋಗುವವರು ಕೊನೆಯ ಪಂದ್ಯದ ಬದಲಿಗೆ ಕೈ ನೋಡುವ ಅಭ್ಯಾಸವನ್ನೇ ಇನ್ನೊಂದು ಸುತ್ತು ಮಾಡಿಸಿರೆಂದು ಮೊದಲೇ ಕೇಳಿಕೊಳ್ಳಬಹುದು. ಮುಂದಿನ ತಂಡಕ್ಕೆ ಹಾಗೆ ಮಾಡಿಸಬೇಕೆಂದು ನಾನು ಕೇಳಿದಾಗ ಉಸ್ತಾದರು ಕೂಡಲೇ ಒಪ್ಪಿಕೊಂಡರು.