ಒಂಟಿ ಚಾರಣಕ್ಕೆ ಯಾವ ನಕ್ಷೆ: ಬೆನ್ ಮ್ಯಾಕ್‌ಡೂಯಿಯ ದಾರಿಯಲ್ಲಿ ಮೂರನ್ನು ಬಳಸಿದ ಮೇಲೆ

ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ಸ್ ಬೆಟ್ಟಸಾಲಿಗೆ ಹಾರ್ವಿ ಸಂಸ್ಥೆ ಮಾಡಿರುವ 1:40,000 ಪ್ರಮಾಣದ ನಕ್ಷೆಯನ್ನು ಕೊಂಡ ಮೇಲೆ ಆ ಬೆಟ್ಟಗಳಿಗೆ ನಾನು ಬೇರೆ ಯಾವುದನ್ನೂ ನೆಚ್ಚಿಕೊಂಡು ಹೋಗಿಲ್ಲ. ಅದಕ್ಕೆ ಮೊದಲು ಒಂದು ಬೇಸಿಗೆಯನ್ನು ಫೋನಿನ ಆ್ಯಪ್‌ನೊಂದಿಗೂ ಮತ್ತೊಂದನ್ನು ಲ್ಯಾಮಿನೇಟ್ ಮಾಡಿದ 1:25,000 ನಕ್ಷೆಯೊಂದಿಗೂ ಕಳೆದಿದ್ದೆ. ಮೂರನ್ನೂ ಒಂದೇ ದಾರಿಯಲ್ಲಿ, ಒಬ್ಬನೇ ನಡೆಯುವಾಗ ಬಳಸಿದ್ದರಿಂದ ಈ ಹೋಲಿಕೆಗೆ ಅರ್ಥವಿದೆ ಎಂದುಕೊಂಡಿದ್ದೇನೆ. ಕೋರಿ ಕಾಸ್ ವಾಹನ ನಿಲುಗಡೆಯಿಂದ ಹೊರಟು, ಲೋಖನ್ ಬೂಯಿ ಎಂಬ ಪುಟ್ಟ ಕೊಳದ ಬಳಿ ಹಾದು, 1,309 ಮೀಟರ್ ಎತ್ತರದ ಬೆನ್ ಮ್ಯಾಕ್‌ಡೂಯಿಯ ನೆತ್ತಿ ಮುಟ್ಟಿ, ಬಂದ ದಾರಿಯಲ್ಲೇ ಮರಳುವುದು ಆ ಚಾರಣ. ಬ್ರಿಟನ್ನಿನ ಎರಡನೆಯ ಅತಿ ಎತ್ತರದ ಶಿಖರವಾದರೂ ಏರು ಅಷ್ಟೇನೂ ಕಡಿದಲ್ಲ. ಕಷ್ಟವಿರುವುದು ಮೇಲಿನ ಬಯಲಿನಲ್ಲಿ. ಅಲ್ಲಿ ಮರವಿಲ್ಲ, ಬೇಲಿಯಿಲ್ಲ, ಕಲ್ಲುಹಾಸಿನ ಮೇಲೆ ಕಾಲುದಾರಿ ಮಾಯವಾಗುತ್ತದೆ, ಮಂಜು ಇಳಿದರೆ ಇಪ್ಪತ್ತು ಹೆಜ್ಜೆಯಾಚೆಗಿನ ಕಲ್ಲುಗುಪ್ಪೆಯೂ ಕಾಣಿಸುವುದಿಲ್ಲ.

ಫೋನಿನ ಗುಣವನ್ನು ಮೊದಲು ಹೇಳಿಬಿಡುತ್ತೇನೆ. ನಾವು ನಿಂತಿರುವ ಜಾಗವನ್ನು ಅದು ತೋರಿಸುವಷ್ಟು ಬೇಗ ಬೇರಾವುದೂ ತೋರಿಸುವುದಿಲ್ಲ. ಮಳೆಹನಿ ಬಿದ್ದರೆ ಪರದೆ ತಾನಾಗಿಯೇ ಸರಿದಾಡುವುದು, ಕೈಗವಸು ತೆಗೆಯದೆ ಅದನ್ನು ಮುಟ್ಟಲಾಗದಿರುವುದು, ಚಳಿಗೆ ಬ್ಯಾಟರಿ ಬೇಗ ಇಳಿಯುವುದು ಇವೆಲ್ಲ ಎಲ್ಲರಿಗೂ ಗೊತ್ತಿರುವ ತೊಂದರೆಗಳು. ನನಗೆ ಎದುರಾದ ತೊಂದರೆ ಬೇರೆ ಬಗೆಯದು. ಅದನ್ನು ವಿವರವಾಗಿಯೇ ಹೇಳಬೇಕು.

ಆ್ಯಪ್ ಬಳಸಿದ ಬೇಸಿಗೆಯ ಒಂದು ದಿನ ಫೋನನ್ನೂ ದಿಕ್ಸೂಚಿಯನ್ನೂ ಜಾಕೆಟ್ಟಿನ ಎದೆಯ ಒಂದೇ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಫೋನಿನ ಹೊದಿಕೆಯನ್ನು ಮುಚ್ಚಿ ಹಿಡಿಯುವುದು ಒಂದು ಸಣ್ಣ ಅಯಸ್ಕಾಂತ. ಮೂರು ತಾಸು ದಿಕ್ಸೂಚಿ ಅದಕ್ಕೆ ಒತ್ತಿಕೊಂಡೇ ಇತ್ತು. ನೆತ್ತಿ ತಲುಪಿದಾಗ ಮಂಜು ಪೂರ್ತಿ ಮುಸುಕಿತ್ತು. ಲೋಖನ್ ಬೂಯಿಗೆ ಮರಳಲು ಉತ್ತರಕ್ಕೆ, ತುಸು ಪಶ್ಚಿಮಕ್ಕೆ ವಾಲಿಕೊಂಡು, ಎರಡು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ನಡೆಯಬೇಕು. ಕೋನ ಹೊಂದಿಸಿ ದಿಕ್ಸೂಚಿ ಹಿಡಿದಾಗ ಅದು ತೋರಿಸಿದ ದಿಕ್ಕು ಏಕೋ ಮನಸ್ಸಿಗೆ ಒಪ್ಪಲಿಲ್ಲ. ಬೆಳಗ್ಗೆಯಿಂದ ಬಲಗೆನ್ನೆಗೆ ಬಡಿಯುತ್ತಿದ್ದ ಪಶ್ಚಿಮದ ಗಾಳಿ ಮರಳುವಾಗ ಎಡಗೆನ್ನೆಗೆ ತಾಗಬೇಕಿತ್ತು. ದಿಕ್ಸೂಚಿಯನ್ನು ನಂಬಿ ತಿರುಗಿದರೆ ಅದು ಮತ್ತೆ ಬಲಗೆನ್ನೆಗೇ ತಾಗುತ್ತಿತ್ತು.

ಬೆನ್ ಮ್ಯಾಕ್‌ಡೂಯಿಯ ತುದಿಯಲ್ಲಿ ಕೇರ್ನ್‌ಗಾರ್ಮ್ ಕ್ಲಬ್ 1925ರಲ್ಲಿ ನಿಲ್ಲಿಸಿದ ಒಂದು ದಿಕ್ಕುಫಲಕವಿದೆ. ಸುತ್ತಲಿನ ಬೆಟ್ಟಗಳು ಯಾವ ಯಾವ ದಿಕ್ಕಿಗಿವೆ ಎಂಬುದನ್ನು ಅದರ ಮೇಲೆ ಕೆತ್ತಿದ್ದಾರೆ. ಒದ್ದೆಯಾಗಿದ್ದ ಆ ಫಲಕವನ್ನು ತೋಳಿನಿಂದ ಒರೆಸಿ, ದಿಕ್ಸೂಚಿಯನ್ನು ಅದರ ಮೇಲೆ ಹಿಡಿದು ನೋಡಿದೆ. ಉತ್ತರಕ್ಕೆ ನಿಲ್ಲಬೇಕಿದ್ದ ಕೆಂಪು ತುದಿ ನೇರವಾಗಿ ದಕ್ಷಿಣಕ್ಕೆ ನಿಂತಿತ್ತು. ಸ್ಕಾಟ್ಲೆಂಡಿನಲ್ಲಿ ಈಗ ನಕ್ಷೆಯ ಉತ್ತರಕ್ಕೂ ಅಯಸ್ಕಾಂತದ ಉತ್ತರಕ್ಕೂ ಇರುವ ಅಂತರ ತೀರ ಸಣ್ಣದು, ಆದ್ದರಿಂದ ಇದು ಲೆಕ್ಕದ ತಪ್ಪಲ್ಲ. ಸೂಜಿಯ ಧ್ರುವಗಳೇ ಅದಲುಬದಲಾಗಿದ್ದವು. ಅದರ ಮಾತು ಕೇಳಿ ಹೊರಟಿದ್ದರೆ ಕೋರಿ ಸ್ಪುಟನ್ ಜೆರಗ್ ಎಂಬ ಕೊಳ್ಳದ ಬಂಡೆಯಂಚಿರುವ ಕಡೆಗೆ ಹೆಜ್ಜೆ ಹಾಕುತ್ತಿದ್ದೆ. ಜೊತೆಯಲ್ಲಿ ಇನ್ನೊಬ್ಬರಿದ್ದರೆ ಅವರ ದಿಕ್ಸೂಚಿ ನೋಡಬಹುದಿತ್ತು. ಒಬ್ಬನೇ ಇದ್ದವನಿಗೆ ಆ ಅನುಕೂಲವಿಲ್ಲ. ಆ್ಯಪ್‌ನಲ್ಲಿ ನಾನಿದ್ದ ಜಾಗದ ಚುಕ್ಕೆ ಸರಿಯಾಗಿಯೇ ಇತ್ತು, ಆದರೆ ದಿಕ್ಕು ತೋರಿಸುವ ಬಾಣ ಅದೇ ಅಯಸ್ಕಾಂತದಿಂದಾಗಿ ಗಿರಗಿರನೆ ತಿರುಗುತ್ತಿತ್ತು. ಕೊನೆಗೆ ಫಲಕದಿಂದ ದಿಕ್ಕು ಹಿಡಿದು, ಗಾಳಿಯನ್ನು ಎಡಗೆನ್ನೆಯ ಮೇಲೆ ಉಳಿಸಿಕೊಂಡು, ಐದೈದು ನಿಮಿಷಕ್ಕೊಮ್ಮೆ ಚುಕ್ಕೆ ಸರಿದ ದಿಕ್ಕನ್ನು ಪರೀಕ್ಷಿಸುತ್ತ ಕೊಳದವರೆಗೆ ಬಂದೆ. ಅಲ್ಲಿ ಮಂಜು ತೆಳುವಾಯಿತು.

ಲ್ಯಾಮಿನೇಟ್ ಮಾಡಿದ 1:25,000 ನಕ್ಷೆಯ ಬಗ್ಗೆ ಹೆಚ್ಚೇನೂ ಹೇಳಬೇಕಿಲ್ಲ. ವಿವರದಲ್ಲಿ ಅದನ್ನು ಮೀರಿಸುವಂಥದ್ದಿಲ್ಲ. ಆದರೆ ಹಾಳೆ ದೊಡ್ಡದು, ಬಿರುಸು, ಭಾರ. ಗಾಳಿಯಲ್ಲಿ ಮಡಿಕೆ ಬದಲಿಸಬೇಕಾದರೆ ನೆಲಕ್ಕೆ ಹರಡಿ ಮೊಣಕಾಲೂರಲೇಬೇಕು.

ಹಾರ್ವಿಯ ನಕ್ಷೆ ಕಾಗದದ್ದಲ್ಲ, ತೆಳ್ಳಗಿನ ಪಾಲಿಥಿನ್ ಹಾಳೆ. ಮಳೆಯಲ್ಲಿ ತೊಯ್ದರೂ ಮೆತ್ತಗಾಗುವುದಿಲ್ಲ, ಹೇಗೆ ಬೇಕಾದರೂ ಮಡಚಿ ಪ್ಯಾಂಟಿನ ಜೇಬಿಗೆ ತುರುಕಬಹುದು. ಎತ್ತರ ಹೆಚ್ಚಿದಂತೆ ಬಣ್ಣ ಬದಲಾಗುತ್ತದೆ. ಕಲ್ಲುನೆಲದಲ್ಲಿ ಸಮೋನ್ನತಿ ರೇಖೆಗಳು, ಎಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು, ಕಂದು ಬಿಟ್ಟು ಬೂದುಬಣ್ಣಕ್ಕೆ ತಿರುಗುತ್ತವೆ, ಹಾಗಾಗಿ ಮುಂದೆ ಕಾಲಿಗೆ ಹುಲ್ಲು ಸಿಗುವುದೋ ಕಲ್ಲುರಾಶಿಯೋ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ರೇಖೆಗಳ ನಡುವಿನ ಅಂತರ 15 ಮೀಟರ್ ಇರುವುದರಿಂದ ಸಣ್ಣ ದಿಬ್ಬಗಳು ಬಿಟ್ಟುಹೋಗುತ್ತವೆ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೆ ಸಮಯದ ಲೆಕ್ಕಕ್ಕೆ ಆ ಅಂತರ ನನಗೆ ಅನುಕೂಲವೇ ಆಗಿದೆ. ನಡಿಗೆಗೆ ಎಷ್ಟು ಹೊತ್ತು ಬೇಕೆಂದು ಅಂದಾಜಿಸಲು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರದ ಇಂದಿನ ರೂಪದಲ್ಲಿ ನಡಿಗೆಗೆ ಗಂಟೆಗೆ 5 ಕಿಲೋಮೀಟರ್ ಹಿಡಿದು, ಪ್ರತಿ 10 ಮೀಟರ್ ಏರಿಗೆ ಒಂದು ನಿಮಿಷ ಸೇರಿಸುತ್ತಾರೆ. ಎಂದರೆ ದಾಟುವ ಪ್ರತಿ ರೇಖೆಗೂ ಒಂದೂವರೆ ನಿಮಿಷ. ಇದನ್ನು ನಡೆಯುತ್ತಲೇ ಬಾಯಿಲೆಕ್ಕದಲ್ಲಿ ಮಾಡಬಹುದು.

ನಾನು ತಿಂಗಳಿಗೆ ಒಂದೇ ದಿನ ಬೆಟ್ಟಕ್ಕೆ ಹೋಗುವವನು, ಹೆಚ್ಚಾಗಿ ಇದೇ ಪ್ರದೇಶಕ್ಕೆ. ಅಷ್ಟಕ್ಕಾಗಿ ಆ್ಯಪ್‌ಗೆ ವರ್ಷ ವರ್ಷವೂ ಚಂದಾ ಕಟ್ಟುವ ಬದಲು ಒಂದೇ ಸಲ ದುಡ್ಡು ಕೊಟ್ಟು ಬಹುಕಾಲ ಬಾಳುವ ಹಾಳೆಯನ್ನು ಕೊಳ್ಳುವುದೇ ನನ್ನ ಜೇಬಿಗೆ ಸರಿ. ಪ್ರತಿ ವಾರವೂ ಹೊಸ ಹೊಸ ಬೆಟ್ಟ ಹುಡುಕಿಕೊಂಡು ಹೋಗುವವರಿಗೆ ಅಷ್ಟೊಂದು ನಕ್ಷೆಗಳನ್ನು ಕೊಳ್ಳುವುದಕ್ಕಿಂತ ಆ್ಯಪ್ ಅಗ್ಗವಾದೀತು. ಫೋನನ್ನು ನಾನೂ ಬಿಟ್ಟು ಹೋಗುವುದಿಲ್ಲ. ಅಪಾಯದಲ್ಲಿ 999ಕ್ಕೆ ಕರೆಮಾಡಿ ಪೊಲೀಸರನ್ನು, ಆಮೇಲೆ ಪರ್ವತ ರಕ್ಷಣಾ ತಂಡವನ್ನು ಕೇಳಲು ಅದು ಬೇಕೇ ಬೇಕು. ಈಗ ಅದು ಅಯಸ್ಕಾಂತವಿಲ್ಲದ ಹೊದಿಕೆಯಲ್ಲಿ, ಆರಿಸಿದ ಸ್ಥಿತಿಯಲ್ಲಿ, ಬೆನ್ನುಚೀಲದ ಒಳಗಡೆ ಇರುತ್ತದೆ. ದಿಕ್ಸೂಚಿ ಕೊರಳಿನ ದಾರದಲ್ಲಿ ಇರುತ್ತದೆ, ಮನೆಯಿಂದ ಹೊರಡುವ ಮುನ್ನ ಅದರ ಕೆಂಪು ತುದಿ ಎತ್ತ ನಿಲ್ಲುತ್ತದೆ ಎಂದು ಕಿಟಕಿಯ ಬಳಿ ಒಮ್ಮೆ ನೋಡಿಕೊಳ್ಳುತ್ತೇನೆ.