ತಿನ್ನದ ಹಾವಿನ ಮರಿಯ ಬಾಯಿಗೆ ತುರುಕುವ ಮೊದಲು ಇದನ್ನು ಓದಿ

ಮೊಟ್ಟೆಯೊಡೆದು ಮೂರು ವಾರವಾದ ಕಾರ್ನ್ ಸ್ನೇಕ್ ಮರಿ, ಅಂದರೆ ಮನೆಯಲ್ಲಿ ಸಾಕುವ ವಿಷವಿಲ್ಲದ ಅಮೆರಿಕದ ಹಾವಿನ ಮರಿ. ತೂಕ 7 ಗ್ರಾಂ, ದಪ್ಪ ಪೆನ್ಸಿಲ್‌ಗಿಂತ ಕಡಿಮೆ. "ಚೆನ್ನಾಗಿ ತಿನ್ನುತ್ತೆ" ಎಂದು ಹೇಳಿ ಮಾರಿದ್ದರು. ಏನು ತಿಂದಿದೆ, ಎಷ್ಟು ಸಲ ತಿಂದಿದೆ ಎಂದು ಕೊಂಡವರು ಕೇಳಲಿಲ್ಲ. ಮನೆಗೆ ತಂದ ಸಂಜೆಯೇ ಅದರ ಮುಂದೆ ಪಿಂಕಿ, ಅಂದರೆ ಕೂದಲು ಮೂಡದ ಇಲಿಮರಿ, ಇಟ್ಟರು. ಹಾವು ಮೂಸಿಯೂ ನೋಡಲಿಲ್ಲ. ಮರುದಿನ ಮತ್ತೆ, ಅದರ ಮರುದಿನ ಮತ್ತೆ. ಆಮೇಲೆ "ಜೀವಂತ ಇದ್ದರೆ ತಿನ್ನುತ್ತೆ" ಎಂಬ ಸಲಹೆ ಕೇಳಿ ಕಣ್ಣು ಬಿಟ್ಟ ಇಲಿಯೊಂದನ್ನು ರಾತ್ರಿಯಿಡೀ ಡಬ್ಬಿಯೊಳಗೆ ಬಿಟ್ಟರು. ಬೆಳಗ್ಗೆ ನೋಡಿದರೆ ಹಾವಿನ ಬೆನ್ನ ಮೇಲೆ ಇಲಿ ಕಚ್ಚಿದ ಗಾಯ. ಗಾಬರಿಯಾಗಿ ಚಿಮುಟದಿಂದ ಬಾಯಿ ಬಿಡಿಸಿ ಪಿಂಕಿ ತುರುಕಿದರು. ಎರಡು ದಿನಕ್ಕೆ ಅದನ್ನು ಹಾಗೇ ಕಕ್ಕಿತು. ಹೊಟ್ಟೆ ಖಾಲಿಯಾಯಿತಲ್ಲ ಎಂದು ಮರುದಿನವೇ ಇನ್ನೊಂದು ತುರುಕಿದರು, ಅದೂ ಹೊರಗೆ ಬಂತು. ಮೂರನೇ ಸಲ ಬಾಯಂಚಿನಲ್ಲಿ ರಕ್ತ ಕಂಡಿತು. ಅದಾಗಿ ಎರಡೇ ದಿನಕ್ಕೆ ಮರಿ ಸತ್ತಿತು.

ಹಾವು ಸಾಕುವವರ ನಡುವೆ ಓಡಾಡಿದವರಿಗೆ ಇದು ಹೊಸ ಕಥೆಯಲ್ಲ. ಮರಿ ಬೇರೆ, ಮನೆ ಬೇರೆ, ಮಾಡಿದ್ದು ಮಾತ್ರ ಇದೇ ಸಾಲಿನಲ್ಲಿ. ಈ ಮರಿ ಹಸಿವಿನಿಂದ ಸಾಯಲಿಲ್ಲ ಎಂಬುದನ್ನು ಮೊದಲು ಗಮನಿಸಿ. ಮೊದಲ ದಿನ ಅದು ಗಟ್ಟಿಮುಟ್ಟಾಗಿಯೇ ಇತ್ತು.

ಮರಿ ಮೊಟ್ಟೆಯಿಂದ ಬರುವಾಗ ಮೊಟ್ಟೆಯ ಹಳದಿ ಭಂಡಾರದ ಕೊನೆಯ ಅಂಶವನ್ನು ಹೊಟ್ಟೆಯೊಳಗೆ ಎಳೆದುಕೊಂಡೇ ಬರುತ್ತದೆ. ಕಾರ್ನ್ ಸ್ನೇಕ್ ಮರಿ ಸುಮಾರು 7ರಿಂದ 10 ದಿನಕ್ಕೆ ಮೊದಲ ಪೊರೆ ಬಿಡುತ್ತದೆ. ಅದಕ್ಕೂ ಮುಂಚೆ ಆಹಾರ ತೋರಿಸುವುದರಲ್ಲಿ ಅರ್ಥವಿಲ್ಲ. ಜಾಗ ಬದಲಾದ ಮರಿಗೆ ಕನಿಷ್ಠ 5ರಿಂದ 7 ದಿನ ನೀರು, ಬೆಚ್ಚಗಿನ ಜಾಗ, ಅಡಗುದಾಣ ಕೊಟ್ಟು ಸುಮ್ಮನೆ ಬಿಡಬೇಕು. ಎತ್ತಬಾರದು, ತೋರಿಸಲು ನೆಂಟರನ್ನು ಕರೆಯಬಾರದು. ಊಟ ತೋರಿಸುವುದೂ 5–7 ದಿನಕ್ಕೊಮ್ಮೆ ಸಾಕು. ದಿನಾ ಎದುರಿಗೆ ಪಿಂಕಿ ಅಲ್ಲಾಡಿಸಿದರೆ ಮರಿಗೆ ಅದು ಆಹಾರವಲ್ಲ, ದಿನಾ ಬರುವ ಕಾಟ. ಕೆಲವು ಮರಿಗಳು ಕೊನೆಗೆ ಚಿಮುಟ ಕಂಡರೇ ತಲೆ ಮರೆಸುತ್ತವೆ. ಕಣ್ಣು ಹಾಲಿನಂತೆ ಮಬ್ಬಾಗಿದ್ದರೆ ಪೊರೆ ಬಿಡುವ ಸಮಯ ಬಂದಿದೆ ಎಂದರ್ಥ. ಆಗ ತಿನ್ನದಿರುವುದು ಸಹಜ, ಪೊರೆ ಬಿಟ್ಟ ಮೇಲೆ ನೋಡಿದರಾಯಿತು.

ತಿನ್ನದ ಮರಿಯ ವಿಷಯದಲ್ಲಿ ಮೊದಲು ಪರೀಕ್ಷಿಸಬೇಕಾದ್ದು ಹಾವನ್ನಲ್ಲ, ಡಬ್ಬಿಯನ್ನು. ಕಾರ್ನ್ ಸ್ನೇಕ್‌ಗೆ ಬೆಚ್ಚಗಿನ ಬದಿ 28ರಿಂದ 30 ಡಿಗ್ರಿ ಸೆಲ್ಸಿಯಸ್, ತಂಪು ಬದಿ 22ರಿಂದ 24. ಬಾಲ್ ಪೈಥಾನ್, ಅಂದರೆ ಆಫ್ರಿಕಾದ ಸಣ್ಣ ಹೆಬ್ಬಾವಿಗೆ, ಬೆಚ್ಚಗಿನ ಬದಿ 31ರಿಂದ 33, ತಂಪು ಬದಿ 25ರಿಂದ 27, ಗಾಳಿಯ ತೇವಾಂಶ ಶೇಕಡಾ 60ರ ಆಸುಪಾಸು. ಗೋಡೆಗೆ ಅಂಟಿಸುವ ಮುಳ್ಳಿನ ಥರ್ಮಾಮೀಟರ್ ನಂಬಬೇಡಿ. ತಂತಿಯ ತುದಿಯಲ್ಲಿ ಪ್ರೋಬ್ ಇರುವ ಡಿಜಿಟಲ್ ಥರ್ಮಾಮೀಟರ್ ತಂದು, ಹಾವು ಹೊಟ್ಟೆ ಒತ್ತಿ ಮಲಗುವ ಜಾಗದಲ್ಲೇ ಅಳೆಯಿರಿ. ಡಬ್ಬಿಯ ಕೆಳಗಿಡುವ ಬಿಸಿ ಹಾಸಿಗೆ, ಅಂದರೆ ಹೀಟ್ ಮ್ಯಾಟ್‌ಗೆ, ಬಿಸಿ ಮಿತಿ ದಾಟದಂತೆ ತಡೆಯುವ ಥರ್ಮೋಸ್ಟ್ಯಾಟ್ ಇರಲೇಬೇಕು. ಇಲ್ಲದಿದ್ದರೆ ಡಬ್ಬಿಯ ತಳ 45 ಡಿಗ್ರಿ ದಾಟಿ ಹೊಟ್ಟೆ ಸುಡಬಹುದು. ಬೆಚ್ಚಗಿಲ್ಲದ ಹಾವು ತಿನ್ನುವುದಿಲ್ಲ, ತಿಂದರೂ ಅರಗಿಸುವುದಿಲ್ಲ. ಹೊಟ್ಟೆಯಲ್ಲೇ ಇಲಿ ಕೊಳೆಯಲು ಶುರುವಾಗಿ ಅದನ್ನು ಕಕ್ಕುತ್ತದೆ.

ಇನ್ನೊಂದು ತಪ್ಪು ಅಂದದ ದೊಡ್ಡ ಗಾಜಿನ ಪೆಟ್ಟಿಗೆ. ಗೇಣುದ್ದದ ಪ್ರಾಣಿಗೆ ಬಯಲಿನಲ್ಲಿ ಇರುವುದೆಂದರೆ ಯಾವುದಾದರೂ ಹಕ್ಕಿಗೆ ಆಹಾರವಾಗುವುದು. ಮರಿಗೆ 5–6 ಲೀಟರಿನ, ಗಾಳಿ ತೂತುಗಳಿರುವ ಪ್ಲಾಸ್ಟಿಕ್ ಡಬ್ಬಿಯೇ ಒಳ್ಳೆಯದು. ನೆಲಕ್ಕೆ ಪೇಪರ್ ಟವೆಲ್, ಎರಡೂ ಬದಿಗೆ ಮೈ ತಾಗುವಷ್ಟು ಇಕ್ಕಟ್ಟಾದ ಒಂದೊಂದು ಅಡಗುದಾಣ, ನಡುವೆ ಸುಕ್ಕುಮಾಡಿದ ಕಾಗದ. ದೊಡ್ಡ ಪೆಟ್ಟಿಗೆಯೇ ಇದ್ದರೆ ಅದರ ತುಂಬ ಎಲೆ, ತೊಗಟೆ, ಕಾಗದ ಹಾಕಿ ಬಯಲೇ ಉಳಿಯದಂತೆ ಮಾಡಿ. ಎರಡು ಮರಿಗಳನ್ನು ಒಟ್ಟಿಗೆ ಇಡಬೇಡಿ. ಕಿಂಗ್ ಸ್ನೇಕ್ ಮರಿಗಳಾದರಂತೂ ಒಂದು ಇನ್ನೊಂದನ್ನು ನುಂಗಿಬಿಡಬಹುದು.

ಇಷ್ಟೆಲ್ಲ ಸರಿಯಿದ್ದೂ ತಿನ್ನದ ಮರಿಗಳಿವೆ. ಅವುಗಳ ಮಟ್ಟಿಗೆ ಪಿಂಕಿ ಆಹಾರವೇ ಅಲ್ಲ. ಕಾಡಿನ ಕಾರ್ನ್ ಸ್ನೇಕ್ ಮರಿಗಳು ಮೊದಲು ಹಿಡಿಯುವುದು ಸಣ್ಣ ಹಲ್ಲಿ ಮತ್ತು ಮರಗಪ್ಪೆಗಳನ್ನು, ಇಲಿಯ ಸರದಿ ಬರುವುದು ಆಮೇಲೆ. ಹಾಗ್ನೋಸ್ ಎಂಬ, ಮೇಲೆದ್ದ ಮೂತಿಯ ಹಾವಿನ ಮರಿಗಳಿಗೆ ನೆಲಗಪ್ಪೆಯೇ ಪ್ರಾಣ. ಆದ್ದರಿಂದ ಮಾಡಬೇಕಾದ ಕೆಲಸ ಇಲಿಮರಿಯ ವಾಸನೆ ಮತ್ತು ಬಿಸಿಯನ್ನು ಹಾವಿಗೆ ಅರ್ಥವಾಗುವ ಹಾಗೆ ತಿದ್ದುವುದು. ಬಾಯಿ ಬಿಡಿಸುವ ಮಾತು ಇಲ್ಲಿ ಬರುವುದೇ ಇಲ್ಲ.

ಗಾತ್ರದಿಂದ ಶುರು ಮಾಡಿ. 7 ಗ್ರಾಂ ಮರಿಗೆ ಒಂದು ದಿನದ ಪಿಂಕಿ ಬೇಕು, ತೂಕ ಸುಮಾರು 1 ಗ್ರಾಂ. ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ಅದು ದಪ್ಪವಿರಬಾರದು. ಕೂದಲು ಮೂಡುತ್ತಿರುವ ಇಲಿಮರಿ, ಅಂದರೆ ಫಜ್ಜಿ, 3 ಗ್ರಾಂ ದಾಟಿರುತ್ತದೆ, ಹೊಸ ಮರಿಗೆ ಅದು ಬೇಡ. ಬಾಲ್ ಪೈಥಾನ್ ಮರಿ ಹುಟ್ಟುವಾಗಲೇ 50 ಗ್ರಾಂ ದಾಟಿರುವುದರಿಂದ ಲೆಕ್ಕ ಬೇರೆ: ಮೈತೂಕದ ಶೇಕಡಾ 10ರಿಂದ 15ರಷ್ಟು.

ಹಿಮಗಟ್ಟಿಸಿದ ಪಿಂಕಿಯನ್ನು ಕರಗಿಸುವ ಹಂತದಲ್ಲಿ ಕೆಡಿಸುವವರೇ ಹೆಚ್ಚು. ಮೈಕ್ರೋವೇವ್ ಬೇಡ. ಒಂದು ಕಡೆ ಬೇಯುತ್ತದೆ, ಇನ್ನೊಂದು ಕಡೆ ಹಿಮ ಉಳಿಯುತ್ತದೆ, ಹೊಟ್ಟೆ ಒಡೆಯುತ್ತದೆ. ಕುದಿವ ನೀರೂ ಬೇಡ. ಪಿಂಕಿಯನ್ನು ಜಿಪ್ ಕವರಿಗೆ ಹಾಕಿ ಮೊದಲು ತಣ್ಣೀರಿನಲ್ಲಿ ಕರಗಿಸಿ. ಬೆರಳಲ್ಲಿ ಒತ್ತಿದರೆ ಒಳಗೆ ಗಟ್ಟಿ ಸಿಗಬಾರದು. ಆಮೇಲೆ ಕೈಗೆ ಬಿಸಿ ತಾಗುವ, 40 ಡಿಗ್ರಿಯ ಆಸುಪಾಸಿನ ನೀರಿನಲ್ಲಿ ಕವರಿನೊಡನೆ ಐದು ನಿಮಿಷ ಇಡಿ. ತೆಗೆದ ತಕ್ಷಣ ಕಾಗದದಲ್ಲಿ ಒತ್ತಿ ಒರೆಸಿ ಕೊಡಿ. ಪಿಂಕಿ ಚಿಕ್ಕದು, ಎರಡು ನಿಮಿಷದಲ್ಲಿ ಆರಿಹೋಗುತ್ತದೆ. ಬಾಲ್ ಪೈಥಾನ್‌ನ ತುಟಿಯ ಗುಳಿಗಳು ಶಾಖವನ್ನೇ ಗ್ರಹಿಸುವುದರಿಂದ, ಆರಿದ ಇಲಿ ಅದರ ಪಾಲಿಗೆ ಕಲ್ಲಿನಂತೆ. ಒಮ್ಮೆ ಕರಗಿಸಿದ್ದನ್ನು ಮತ್ತೆ ಫ್ರೀಜರಿಗೆ ಹಾಕಬೇಡಿ. ಅಡುಗೆಯ ಪಾತ್ರೆ ಬಳಸಬೇಡಿ, ಕೈಯನ್ನು ಸೋಪಿನಿಂದ ತೊಳೆಯಿರಿ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇಲಿಯಿಂದಲೂ ಬರುತ್ತದೆ, ಹಾವಿನಿಂದಲೂ ಬರುತ್ತದೆ.

ಮೊದಲ ಪ್ರಯತ್ನಕ್ಕೆ ಚಿಮುಟ ಬೇಡವೇ ಬೇಡ. ಮುಚ್ಚಳವಿರುವ ಸಣ್ಣ ಪ್ಲಾಸ್ಟಿಕ್ ಕಪ್ ತೆಗೆದುಕೊಂಡು ಸೂಜಿಯಿಂದ ಗಾಳಿ ತೂತು ಮಾಡಿ. ತೂತು ಹಾವಿನ ತಲೆಗಿಂತ ಚಿಕ್ಕದಿರಬೇಕು, ಈ ಮರಿಗಳು ನಂಬಲಾಗದ ಸಂದಿಯಲ್ಲಿ ನುಸುಳುತ್ತವೆ. ಒಳಗೆ ಒಂದು ಪೇಪರ್ ಟವೆಲ್, ಬಿಸಿ ಪಿಂಕಿ, ಹಾವು. ಮುಚ್ಚಿ, ಕಪ್ಪನ್ನು ಅದರದೇ ಡಬ್ಬಿಯೊಳಗೆ, ಹೀಟ್ ಮ್ಯಾಟ್‌ನ ನೇರ ಮೇಲಲ್ಲದ ಜಾಗದಲ್ಲಿ ಇಟ್ಟು ಮೇಲೆ ಬಟ್ಟೆ ಹೊದಿಸಿ. ಸಂಜೆ ಇಟ್ಟರೆ ಬೆಳಗ್ಗೆವರೆಗೆ ನೋಡಬೇಡಿ. ಇಣುಕಿ ನೋಡುವ ಚಟವೇ ಎಷ್ಟೋ ಊಟಗಳನ್ನು ಕೆಡಿಸಿದೆ: ಬಾಯಿಗೆ ಹಾಕಿಕೊಂಡ ಮರಿ ನೆರಳು ಕಂಡರೆ ಉಗುಳಿಬಿಡುತ್ತದೆ. ಕತ್ತಲು, ಇಕ್ಕಟ್ಟು, ವಾಸನೆ ಮೂರೂ ಸೇರಿದರೆ ಹಟಮಾರಿ ಮರಿಗಳಲ್ಲಿ ಸಾಕಷ್ಟು ಇಲ್ಲೇ ತಿನ್ನುತ್ತವೆ.

ತಿನ್ನದಿದ್ದರೆ ಮುಂದಿನ ವಾರ, ಅದೇ ಕಪ್ಪಿನಲ್ಲಿ, ಮಿದುಳು ತೆರೆದ ಪಿಂಕಿ. ಕರಗಿಸಿದ ಪಿಂಕಿಯ ನೆತ್ತಿಯನ್ನು ದಪ್ಪ ಸೂಜಿಯಿಂದ ಚುಚ್ಚಿ ಸ್ವಲ್ಪ ಒತ್ತಿದರೆ ಒಳಗಿನದು ಹೊರಗೆ ಬರುತ್ತದೆ. ಅದನ್ನು ಮೂತಿಗೆಲ್ಲ ಸವರಬೇಕು. ನೋಡಲು ಅಸಹ್ಯ, ಆದರೆ ಉಳಿದೆಲ್ಲ ಉಪಾಯಗಳಿಗಿಂತ ಇದರ ಮೇಲೆಯೇ ಹೆಚ್ಚು ಭರವಸೆ ಇಡಬಹುದು. ಅದೂ ಆಗದಿದ್ದರೆ ವಾಸನೆ ಬದಲಿಸಿ: ಪಿಂಕಿಯನ್ನು ಪರಿಮಳವಿಲ್ಲದ ಸೋಪಿನಲ್ಲಿ ತೊಳೆದು, ಸೋಪು ಪೂರ್ತಿ ಹೋಗುವವರೆಗೆ ನೀರಲ್ಲಿ ಜಾಲಿಸಿ, ಸಾಕಿದ ಹಲ್ಲಿ ಬಿಟ್ಟ ಪೊರೆಯನ್ನು ಒದ್ದೆಮಾಡಿ ಅದಕ್ಕೆ ಉಜ್ಜಿ. ಹೊರಗಿನ ಹಲ್ಲಿಯಲ್ಲಿ ಪರೋಪಜೀವಿಗಳಿರುತ್ತವೆ, ಅದನ್ನು ಹಿಡಿದು ತಂದು ಉಜ್ಜಬೇಡಿ. ಹಾಗ್ನೋಸ್ ಮರಿಗೆ ಎಣ್ಣೆ, ಉಪ್ಪು ಇಲ್ಲದೆ ನೀರಿನಲ್ಲಿಟ್ಟ ಟ್ಯೂನಾ ಮೀನಿನ ರಸ ಕೆಲಸ ಮಾಡುತ್ತದೆ. ಒಮ್ಮೆ ತಿಂದ ಮೇಲೆ ಪ್ರತಿ ಊಟಕ್ಕೂ ಆ ವಾಸನೆಯನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತ ಬರಬೇಕು.

ಹಾಲು, ಹಸಿ ಮೊಟ್ಟೆ, ಕೋಳಿ ಮಾಂಸದ ಚೂರು, ಇವು ಯಾವುವೂ ಬೇಡ. ಬಾಯಾರಿದ ಹಾವು ಹಾಲನ್ನೂ ಕುಡಿದೀತು, ಅರಗಿಸಿಕೊಳ್ಳಲಾರದು. ಮಾಂಸದ ಚೂರಿನಲ್ಲಿ ಮೂಳೆಯ ಸುಣ್ಣವೂ ಇಲ್ಲ, ಪಿತ್ತಜನಕಾಂಗದ ಜೀವಸತ್ವವೂ ಇಲ್ಲ.

ಜೀವಂತ ಆಹಾರದ ಮಾತು. ಒಂದೆರಡು ದಿನದ ಪಿಂಕಿಗೆ ಹಲ್ಲೂ ಇಲ್ಲ, ಕಣ್ಣೂ ತೆರೆದಿರುವುದಿಲ್ಲ. ಬೇರೆ ದಾರಿ ಸೋತಾಗ ಅದನ್ನು ಬಳಸುವವರಿದ್ದಾರೆ, ಹಾವಿಗೆ ಅಪಾಯವಿಲ್ಲ. ಇಲಿಮರಿ ಕಣ್ಣು ಬಿಡುವುದು ಸುಮಾರು ಎರಡು ವಾರಕ್ಕೆ. ಅಲ್ಲಿಂದ ಮುಂದಿನ ಇಲಿಯನ್ನು ಯಾರೂ ಕಾಯದೆ ಹಾವಿನ ಜೊತೆ ಬಿಡುವುದೆಂದರೆ ಹಾವನ್ನು ಇಲಿಯ ಬಾಯಿಗೆ ಕೊಟ್ಟಂತೆ. ತಿನ್ನುವ ಮನಸ್ಸಿಲ್ಲದ ಹಾವು ತಿರುಗಿ ಕಚ್ಚುವುದಿಲ್ಲ, ಮುದುಡಿ ಕೂರುತ್ತದೆ. ಹಸಿದ ಇಲಿ ಅದರ ಬೆನ್ನನ್ನು ಮೂಳೆ ಕಾಣುವವರೆಗೆ ಕೊರೆಯಬಲ್ಲದು.

ಇನ್ನು ಬಾಯಿಗೆ ಇಡುವ ಕೆಲಸ. ಇದರಲ್ಲಿ ಎರಡು ಬಗೆ ಇದೆ, ಜನ ಎರಡನ್ನೂ ಒಂದೇ ಎಂದುಕೊಂಡು ಕೆಡುತ್ತಾರೆ. ಒಂದು, ನೆರವಿನ ಊಟ: ತಲೆಯ ಹಿಂದೆ ಮೆಲ್ಲಗೆ ಹಿಡಿದು, ನೀರಲ್ಲಿ ಅದ್ದಿದ ಪಿಂಕಿಯ ಮೂತಿಯಿಂದಲೇ ತುಟಿಯ ಮುಂಭಾಗವನ್ನು ತಟ್ಟಿ ಬಾಯಿ ತೆರೆಸುವುದು, ತಲೆಯಷ್ಟನ್ನು ಹಲ್ಲಿಗೆ ಸಿಗುವಂತೆ ಒಳಗಿಡುವುದು, ಹಾವನ್ನು ಕೆಳಗಿಟ್ಟು ಕಲ್ಲಾಗಿ ನಿಲ್ಲುವುದು. ನುಂಗುವ ಕೆಲಸ ಹಾವಿನದು. ಉಗುಳಿದರೆ ಇನ್ನೊಮ್ಮೆ ಪ್ರಯತ್ನಿಸಬಹುದು, ಅದಕ್ಕೂ ಉಗುಳಿದರೆ ಆ ವಾರಕ್ಕೆ ಮುಗಿಯಿತು. ತೀರ ಚಿಕ್ಕ ಮರಿಗೆ ಇಡೀ ಪಿಂಕಿಯ ಬದಲು ಇಲಿಯ ಬಾಲದ ತುಂಡನ್ನು ದಪ್ಪ ತುದಿಯಿಂದ ಕೊಟ್ಟರೆ ಸಲೀಸು, ಕೂದಲಿನ ದಿಕ್ಕಿನಿಂದಾಗಿ ಹಿಂದಕ್ಕೆ ಉಗುಳುವುದು ಕಷ್ಟ.

ಎರಡನೆಯದು ತುರುಕುವುದು, ಗಂಟಲ ಕೆಳಗೆ ತಳ್ಳಿಕೊಂಡು ಹೋಗುವುದು. ಹಾವಿನ ಉಸಿರ ಕೊಳವೆಯ ಬಾಯಿ ಕೆಳದವಡೆಯ ನಡುವೆ, ಎದ್ದು ಕಾಣುವಂತೆ ಇದೆ. ಲೋಹದ ಚಿಮುಟಕ್ಕೆ ಮೊದಲು ಸಿಗುವುದೇ ಅದು. ಹಲ್ಲುಗಳು ಒಳಕ್ಕೆ ಬಾಗಿದ ಸೂಜಿಗಳು, ತಿರುಚಿದರೆ ಮುರಿಯುತ್ತವೆ, ಒಸಡಿನ ಗಾಯ ಬಾಯಿ ಹುಣ್ಣಾಗುತ್ತದೆ. ಅನ್ನನಾಳದ ಗೋಡೆ ತೆಳು ಕಾಗದದ ಹಾಗೆ. ಸಿರಿಂಜಿನಿಂದ ದ್ರವ ಬಿಟ್ಟರೆ ಶ್ವಾಸಕೋಶಕ್ಕೆ ಹೋಗಿ ಮರಿ ಅಲ್ಲೇ ಮುಳುಗಿದಂತೆ ಸಾಯಬಹುದು. ಇದು ಸರೀಸೃಪ ಬಲ್ಲ ಪಶುವೈದ್ಯರ ಕೈಯಲ್ಲಿ ಮಾತ್ರ ಆಗಬೇಕಾದ ಕೆಲಸ.

ಆ ಕಾರ್ನ್ ಸ್ನೇಕ್ ಮರಿಯನ್ನು ಕೊನೆಗೆ ಕೊಂದದ್ದು ಮಾತ್ರ ಮೊದಲ ತುರುಕುವಿಕೆಗಿಂತ ಎರಡನೆಯದು. ಹಾವು ಕಕ್ಕುವಾಗ ಜೊತೆಗೆ ಜಠರದ ಆಮ್ಲ, ನೀರು, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಎಲ್ಲ ಹೋಗುತ್ತವೆ, ಗಂಟಲು ಸುಟ್ಟಿರುತ್ತದೆ. ಮರುದಿನ ಹಾಕಿದ ಆಹಾರ ಅರಗುವ ಮಾತೇ ಇಲ್ಲ, ಅದೂ ಹೊರಗೇ. ಪ್ರತಿ ಸಲಕ್ಕೂ ಮರಿ ತಿಂದದ್ದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತದೆ. ಒಮ್ಮೆ ಕಕ್ಕಿದ ಮೇಲೆ 10ರಿಂದ 14 ದಿನ ಆಹಾರ ತೋರಿಸಬೇಡಿ, ಶುದ್ಧ ನೀರು ಸದಾ ಇರಲಿ, ಹಾವನ್ನು ಮುಟ್ಟಬೇಡಿ. ತಾಪಮಾನ ಮತ್ತೆ ಅಳೆಯಿರಿ. ಆಮೇಲಿನ ಮೊದಲ ಊಟ ಹಿಂದಿನದರ ಅರ್ಧ ಇರಲಿ, ಪಿಂಕಿಯನ್ನು ಕತ್ತರಿಸಿ ಕೊಟ್ಟರೂ ಸರಿ. ಮೂರು ನಾಲ್ಕು ಊಟ ಹೊಟ್ಟೆಯಲ್ಲಿ ನಿಂತ ಮೇಲಷ್ಟೇ ಹಳೆಯ ಗಾತ್ರಕ್ಕೆ ಹೋಗಿ. ಯಾವ ಊಟವಾದ ಮೇಲೂ 48 ಗಂಟೆ ಎತ್ತುವಂತಿಲ್ಲ. ಕಾಳಜಿಯಿಂದಿದ್ದೂ ಎರಡನೇ ಸಲ ಕಕ್ಕಿದರೆ ಕ್ರಿಪ್ಟೊಸ್ಪೊರಿಡಿಯಂನಂಥ ಸೋಂಕು ಇರಬಹುದು. ಕಕ್ಕಿದ್ದನ್ನು ಕವರಿನಲ್ಲಿ ಕಟ್ಟಿ ಫ್ರಿಜ್ಜಿನಲ್ಲಿಟ್ಟು ಪಶುವೈದ್ಯರ ಬಳಿಗೆ ಒಯ್ಯಿರಿ, ಪರೀಕ್ಷೆಗೆ ಬೇಕಾಗುತ್ತದೆ.

ಎಷ್ಟು ದಿನ ಕಾಯಬಹುದು ಎಂಬುದಕ್ಕೆ ಕ್ಯಾಲೆಂಡರ್ ಉತ್ತರ ಕೊಡುವುದಿಲ್ಲ, ತಕ್ಕಡಿ ಕೊಡುತ್ತದೆ. 0.1 ಗ್ರಾಂವರೆಗೆ ತೋರಿಸುವ ತಕ್ಕಡಿಯಲ್ಲಿ ಮುಚ್ಚಳದ ಕಪ್ಪಿನೊಳಗೆ ಹಾವನ್ನು ಇಟ್ಟು ವಾರಕ್ಕೊಮ್ಮೆ ತೂಗಿ ಬರೆದಿಡಿ. ನೀರು ಕುಡಿದರೆ, ಹಿಕ್ಕೆ ಹಾಕಿದರೆ ತೂಕ ಸ್ವಲ್ಪ ಆಚೀಚೆ ಆಗುತ್ತದೆ, ವಾರದಿಂದ ವಾರಕ್ಕೆ ಇಳಿಯುತ್ತಲೇ ಇದೆಯೇ ಎಂಬುದನ್ನು ನೋಡಿ. ತೂಕ ನಿಂತಿದ್ದು ಮರಿ ಚುರುಕಾಗಿದ್ದರೆ ಕಾಯಲು ಸಮಯವಿದೆ, ಬಾಲ್ ಪೈಥಾನ್ ಮರಿಗಂತೂ ವಾರಗಟ್ಟಲೆ. ಶೇಕಡಾ 10ರಷ್ಟು ಇಳಿದರೆ, ಅಂದರೆ 7 ಗ್ರಾಂ ಮರಿ 6.3ಕ್ಕೆ ಬಂದರೆ, ವೈದ್ಯರಿಗೆ ತೋರಿಸಿ. ಬೆನ್ನುಮೂಳೆ ಏಣಿನಂತೆ ಎದ್ದರೆ, ಚರ್ಮ ಸುಕ್ಕುಗಟ್ಟಿದರೆ, ಬಾಯಿ ತೆರೆದು ಉಸಿರಾಡಿದರೆ, ಬಾಯಲ್ಲಿ ಗುಳ್ಳೆ ಅಥವಾ ಅಂಟು ಲೋಳೆ ಕಂಡರೆ, ಮಗುಚಿ ಹಾಕಿದಾಗ ತಾನಾಗಿ ಹೊರಳಿ ನೆಟ್ಟಗಾಗದಿದ್ದರೆ ತಕ್ಕಡಿಗೂ ಕಾಯಬೇಡಿ.

ಇನ್ನೂ ಕೊಂಡಿಲ್ಲದವರು ಮಾರುವವರಿಗೆ ಹಣ ಕೊಡುವ ಮುನ್ನ ಇಷ್ಟು ಕೇಳಿ: ತಾನಾಗಿಯೇ, ಯಾರೂ ಬಾಯಿಗಿಡದೆ, ಎಷ್ಟು ಸಲ ತಿಂದಿದೆ? ಹಿಮಗಟ್ಟಿಸಿ ಕರಗಿಸಿದ್ದನ್ನೋ, ಜೀವಂತವನ್ನೋ? ಕಪ್ಪಿನಲ್ಲೋ, ಚಿಮುಟದಲ್ಲೋ? ಕೊನೆಯ ಊಟ ಯಾವ ದಿನ, ಕಕ್ಕಿದ್ದುಂಟೇ, ಇವತ್ತಿನ ತೂಕ ಎಷ್ಟು? ಕನಿಷ್ಠ ಐದು ಊಟದ ದಿನಾಂಕ ಬರೆದಿಟ್ಟ ಚೀಟಿ ಇಲ್ಲದಿದ್ದರೆ ಅಥವಾ "ಎದುರಿಗೇ ಒಂದು ಸಲ ತಿನ್ನಿಸಿ ತೋರಿಸಿ" ಎಂದಾಗ ಮಾತು ಬದಲಿಸಿದರೆ ಆ ಮರಿಯನ್ನು ಅಲ್ಲೇ ಬಿಟ್ಟು ಬನ್ನಿ.